ಡ್ರಮ್ಮಿನಲ್ಲಿ ಓಡುವ ಇಂಜಿನ್

"ನೀರು ಬರುವುದಿಲ್ಲವಲ್ಲ ರವೂಫಾಕ!" ತುಕ್ರಪ್ಪ ಕಿರುಚಿದ. ಕಿರುಚದೆ ಉಪಾಯ ಇಲ್ಲ. ವೇಣೂರಿನ ಆ ಅಂಗಳದಲ್ಲಿ, ನೀರು ತುಂಬಿಸಿದ ದೊಡ್ಡ ಡ್ರಮ್ಮಿನ ಅಂಚಿಗೆ ಬಿಗಿದ ಹಳೇ ದೋಣಿ ಇಂಜಿನ್ ಭರ್ರೋ ಅಂತ ಹೊಡ್ಕೊಳ್ತಾ ಇತ್ತು. ದೋಣಿ ಇಲ್ಲ, ಹೊಳೆ ಗುಡ್ಡದ ಆಚೆ; ಇಂಜಿನ್ ಮಾತ್ರ ಉಂಟು. ಅದು ಓಡುವಾಗ ಹಿಂದಿನ ಒಂದು ಸಣ್ಣ ತೂತಿನಿಂದ ನೀರು ಚೀರ್ ಅಂತ ಹಾರಬೇಕು. ಹಾರಿದರೆ ಒಳಗೆ ತಂಪಾಗ್ತಾ ಉಂಟು ಅಂತ ಅರ್ಥ. ಹಾರದಿದ್ದರೆ ಸ್ವಲ್ಪ ಹೊತ್ತಲ್ಲಿ ಇಂಜಿನ್ ಸುಟ್ಟು ಗುಜರಿಗೆ.

ಅಬ್ದುಲ್ ರವೂಫ್ ಇಂಜಿನ್ ನಿಲ್ಲಿಸಿ ಮುಖ ಸಪ್ಪೆ ಮಾಡಿದ. ಸಪ್ಪೆ ಎಂಥದ್ದು ಮಣ್ಣು! ಒಳಗೊಳಗೆ ಅವನಿಗೆ ಖುಷಿಯೋ ಖುಷಿ. ಬೆಳಿಗ್ಗೆ ಹೆಂಡತಿ ಬೀಯಮ್ಮ ಏಳುವ ಮೊದಲೇ ಆ ತೂತಿಗೆ ಹಲಸಿನ ಮೇಣ ತುರುಕಿದ್ದು ಅವನೇ. ತುಕ್ರಪ್ಪ ಬಂಟ್ವಾಳದಲ್ಲಿ ನೇತ್ರಾವತಿ ದಾಟಿಸುವ ದೋಣಿಯವ. ಇಂಜಿನ್ ಕೊಡ್ಲಿಕ್ಕುಂಟು ಅಂತ ಅವನಿಗೆ ಹೇಳಿ ಕಳಿಸಿದ್ದು ಬೀಯಮ್ಮ. ಇಂಜಿನ್ ಸರಿ ಉಂಟು ಅಂತ ಕಂಡರೆ ಗೇಟಿನ ಹತ್ತಿರ ನಿಂತ ಪಿಕಪ್ಪಿನಲ್ಲಿ ಇವತ್ತೇ ಹೋಯ್ತು ಅಂತ ಲೆಕ್ಕ.

ಹೋದರೆ ರವೂಫನ ಸಂಜೆ ಏನಾಗಬೇಕು? ಗಲ್ಫಿನಲ್ಲಿ ಪೇಟೆಯ ನಡುವೆ ಹೊಳೆಯ ಹಾಗೆ ಚಾಚಿದ ಕಡಲ ನೀರಲ್ಲಿ, ಈ ದಡದಿಂದ ಆ ದಡಕ್ಕೆ ದೋಣಿಯಲ್ಲಿ ಜನ ದಾಟಿಸ್ತಾ ಅವನ ಪ್ರಾಯ ಪೂರ್ತಿ ಕಳೆದದ್ದು. ಊರಿಗೆ ಬರುವಾಗ ಎಲ್ಲರೂ ಕಂಬಳಿ, ಸೆಂಟು ತಂದರು. ಈ ಪುಣ್ಯಾತ್ಮ ತಂದದ್ದು ಇದನ್ನು. ದಿನಾ ಅಸರ್ ನಮಾಜು ಮುಗಿಸಿ ಬಂದು ಹಗ್ಗ ಎಳೆದು ಇಂಜಿನ್ ಸುರು ಮಾಡುವುದು, ದೋಣಿ ತಿರುಗಿಸುವ ಹಿಡಿ ಹಿಡಿದು ಕಣ್ಣು ಮುಚ್ಚುವುದು. ಪೆಟ್ರೋಲಿನ ಹೊಗೆ ಮೂಗಿಗೆ ಬಡಿದರೆ ಸಾಕು, ಅಂಗಳ ಮೆಲ್ಲ ಕಟ್ಟು ಬಿಚ್ಚಿಕೊಂಡು ತೇಲಲಿಕ್ಕೆ ಸುರು ಮಾಡ್ತದೆ. ತೆಂಗಿನ ಮರ ಒಂದು ಬದಿಯಿಂದ ಹಿಂದಕ್ಕೆ ಸರಿಯುತ್ತದೆ, ಕೊಟ್ಟಿಗೆ ಸರಿಯುತ್ತದೆ, ಆಚೆ ದಡದ ಮಿನಾರ ಮಂಜಿನಲ್ಲಿ ಮೇಲೆ ಬರ್ತದೆ. ಮುಖಕ್ಕೆ ಉಪ್ಪಿನ ಗಾಳಿ. ಎದುರಿನಿಂದ ಖರ್ಜೂರದ ಮೂಟೆ ಹೊತ್ತ ಹಡಗು ಬಂದರೆ ರವೂಫ್ ಹಿಡಿಯನ್ನು ಒಂಚೂರು ಎಡಕ್ಕೆ ತಿರುಗಿಸಿ ದಾರಿ ಬಿಡ್ತಾನೆ. ಡ್ರಮ್ಮಿನಲ್ಲಿ, ಮಾರಾಯ್ರೆ! ಪೆಟ್ರೋಲು ಮುಗಿಯುವವರೆಗೆ ಅವ ವೇಣೂರಿನವನಲ್ಲ.

ತುಕ್ರಪ್ಪ ಬಿಡುವ ಜನ ಅಲ್ಲ. ಇಂಜಿನನ್ನು ಮೇಲೆತ್ತಿ ನೀರು ಎಳೆಯುವ ಜಾಲರಿ ನೋಡಿದ, ಪಾಚಿ ಇಲ್ಲ. "ಹಾಗಾದ್ರೆ ಒಳಗಿನ ರಬ್ಬರ್ ಫ್ಯಾನ್ ಹೋಗಿರಬೇಕು. ಅದು ನೀರು ಮೇಲೆ ನೂಕದಿದ್ದರೆ ಮುಗೀತು" ಅಂದ.

"ಹೋಗಿದೆ, ಹೋಗಿದೆ. ಈಗ ಆ ಸಾಮಾನು ಎಲ್ಲಿಯೂ ಸಿಗುವುದಿಲ್ಲ" ಅಂತ ರವೂಫ್ ಬಾಯಿ ಹಾಕಿದ.

ತುಕ್ರಪ್ಪ ಬೋಲ್ಟು ಬಿಚ್ಚಿ ಕೆಳಗಿನ ಭಾಗ ಇಳಿಸಿ ನೋಡಿದರೆ ಫ್ಯಾನಿನ ಎಸಳು ಒಂದೂ ಹರಿದಿಲ್ಲ, ಕಿವಿಯ ಹಾಗೆ ಮೆತ್ತಗೆ ಉಂಟು. ಪುನಃ ಜೋಡಿಸಿದ, ಪುನಃ ಓಡಿಸಿದ. ನೀರಿಲ್ಲ. ಮೇಲೆ ಕೈ ಇಟ್ಟವ ಹೌಹಾರಿ ಎಳೆದುಕೊಂಡ. "ನಿಲ್ಸಿ, ನಿಲ್ಸಿ! ಕಾದ ಕಾವಲಿ ಆಗಿದೆ! ನನಗೆ ಬೇಡ ಇದು, ಹೊಳೆ ಮಧ್ಯದಲ್ಲಿ ಕೈ ಕೊಟ್ರೆ ಜನ ನನ್ನನ್ನೇ ನೀರಿಗೆ ಹಾಕ್ತಾರೆ."

"ನಿಲ್ಲಿ ತುಕ್ರಪ್ಪಣ್ಣ." ಬೀಯಮ್ಮ ಜಗಲಿಯಿಂದ ಇಳಿದು ಬಂದಳು. ಕೈಯಲ್ಲಿ ತೆಂಗಿನೆಣ್ಣೆಯ ಗಿಂಡಿ. "ಹುಟ್ಟಿದ ಮೇಲೆ ಒಂದು ಹಲಸು ಕೊಯ್ಯದ ಇವರು ನಿನ್ನೆ ನಾನೇ ಕೊಯ್ತೇನೆ ಅಂತ ಕತ್ತಿ ಹಿಡಿದ್ರು. ಆವಾಗಲೇ ನನಗೆ ಡೌಟು." ತಲೆವಸ್ತ್ರದ ಪಿನ್ನು ತೆಗೆದು ಎಣ್ಣೆಯಲ್ಲಿ ಅದ್ದಿ ಆ ತೂತಿಗೆ ಹಾಕಿ ತಿರುಗಿಸಿದಳು. ಮೇಣ ನೂಲಿನ ಹಾಗೆ ಉದ್ದಕ್ಕೆ ಬಂತು. ಬಿಸಿಗೆ ಹಲಸಿನ ಪರಿಮಳ ಬೇರೆ.

ತುಕ್ರಪ್ಪ ಹೊಟ್ಟೆ ಹಿಡ್ಕೊಂಡು ನಕ್ಕ. "ಗಲ್ಫಿನ ಇಂಜಿನಿಗೆ ಹಲಸು ತಿಂದು ಹೊಟ್ಟೆ ಕಟ್ಟಿದ್ದಾ?"

ರವೂಫ್ ತಲೆ ತಗ್ಗಿಸಿ ಹಗ್ಗ ಎಳೆದ. ಚೀರ್ ಅಂತ ಹಾರಿತು ನೀರು, ಬೆಳ್ಳಿ ಸರಿಗೆಯ ಹಾಗೆ. ತುಕ್ರಪ್ಪ ಅಂಗೈ ಒಡ್ಡಿದ. ಮೊದಲು ಬಿಸಿ, ಆಮೇಲೆ ಉಗುರು ಬೆಚ್ಚಗೆ. "ಆಯ್ತು, ತಕೊಂಡು ಹೋಗುವ" ಅಂದ.

ಇಂಜಿನ್ ನಿಂತಿತು. "ಶಬ್ದ ಜಾಸ್ತಿ ಅಂತ ತಾನೇ ನಿನ್ನ ಕೋಪ?" ರವೂಫ್ ಹೆಂಡತಿಯ ಮುಖ ನೋಡದೆ ಕೇಳಿದ. "ಹಿತ್ತಿಲಿಗೆ ಇಡ್ತೇನೆ. ಕೊಡುವುದು ಬೇಡ."

"ಶಬ್ದ ಹಾಳಾಗಿ ಹೋಗಲಿ" ಅಂದಳು ಬೀಯಮ್ಮ. "ನೀವು ಅಲ್ಲಿದ್ದಾಗ ಬರ್ತೀರಿ ಅಂತ ಕಾಯ್ತಾ ಇದ್ದೆ. ಈಗ ನನ್ನ ಎದುರೇ ಕೂತು ದಿನಾ ಅಲ್ಲಿಗೇ ಹೋಗ್ತೀರಿ. ನಾನಿನ್ನು ಯಾರನ್ನು ಕಾಯುವುದು?"

ಡ್ರಮ್ಮಿನ ನೀರು ಇನ್ನೂ ತೂಗ್ತಾ ಇತ್ತು, ಅದರೊಳಗೆ ಆಕಾಶವೂ. ರವೂಫ್ ಬಗ್ಗಿ ಡ್ರಮ್ಮಿಗೆ ಇಂಜಿನ್ ಬಿಗಿದ ತಿರುಪು ಸಡಿಲ ಮಾಡಲಿಕ್ಕೆ ಹೊರಟ.

"ಅದನ್ನು ಈಗ ಬಿಚ್ಚಬೇಡಿ" ಅಂದಳು ಅವಳು. "ಪೆಟ್ರೋಲು ಉಂಟಾ ಇನ್ನೂ?"

"ಒಂಚೂರು ಉಂಟು."

ಬೀಯಮ್ಮ ಸೀರೆ ಒತ್ತಿ ಹಿಡಿದು, ಡ್ರಮ್ಮಿನ ಹತ್ತಿರದ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಹುಷಾರಾಗಿ ಕೂತಳು. "ಊರವರನ್ನೆಲ್ಲ ದಾಟಿಸಿದ್ರಿ. ನನ್ನನ್ನೂ ಒಂದು ಸಲ ಆಚೆ ದಡಕ್ಕೆ ಬಿಡಿ. ಆಮೇಲೆ ಕೊಡುವ."

ರವೂಫ್ ಅವಳನ್ನು ನೋಡಿದ. ಆಮೇಲೆ ಹಗ್ಗ ಎಳೆದ. ನೀರು ಹಾರಿತು, ತೆಂಗಿನ ಮರ ಮೆಲ್ಲ ಹಿಂದಕ್ಕೆ ಸರಿಯಿತು. ಈ ಸಲ ಅವ ಕಣ್ಣು ಮುಚ್ಚಲಿಲ್ಲ.

ತುಕ್ರಪ್ಪ ಸ್ವಲ್ಪ ಹೊತ್ತು ಪೆದ್ದನ ಹಾಗೆ ನಿಂತಿದ್ದ. ಮತ್ತೆ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು, ಮುಂಡು ಮೊಣಕಾಲಿನ ಮೇಲಕ್ಕೆ ಎತ್ತಿ, ಬೀಯಮ್ಮನ ಎದುರು ಬದಿಗೆ ಹೋಗಿ ನೆಲದ ಮೇಲೆ ಕೂತ. ಎಲ್ಲರೂ ಒಂದೇ ಕಡೆ ಕೂತರೆ ದೋಣಿ ವಾಲ್ತದೆ.