ಇನ್ನೈದು ವರ್ಷ

“ಈಗ ಷೇರು ಮಾರಿಬಿಡಲಾ?” ಎಂದು ಆಸ್ಪತ್ರೆ ಮಂಚದಲ್ಲಿ ಮಲಗಿದ್ದ ಗಂಡ ಕೇಳಿದಾಗ ಅವನ ಹೆಬ್ಬೆರಳು ಫೋನಿನ ಮೇಲೇ ನಿಂತಿತ್ತು. ಡಾಕ್ಟರು ವಾರ್ಡಿನ ಹೊರಗೆ ಕರೆದು ಹೇಳಿದ್ದನ್ನು ನುಂಗಿಕೊಂಡು ಅವಳು ಆಗಷ್ಟೇ ಒಳಗೆ ಬಂದಿದ್ದಳು. ಆಪರೇಷನ್ ಮಾಡುವ ಕಾಲ ಮೀರಿಹೋಗಿತ್ತು. ಈ ತಿಂಗಳು ದಾಟಿದರೆ ದೊಡ್ಡದು.

ಬಟ್ಟೆ ಹೊಲಿದು ಬಂದದ್ದರಲ್ಲೇ ಅವನು ತಿಂಗಳು ತಪ್ಪದೆ ಷೇರು ಕೊಳ್ಳುತ್ತಿದ್ದ. ಬೆಲೆ ಬಿದ್ದಾಗಲೆಲ್ಲ ಅವಳು ಮಾರಿಬಿಡಿ ಎಂದು ಪ್ರಾಣ ತಿನ್ನುತ್ತಿದ್ದಳು. “ತಾಳಿದವನು ಬಾಳಿಯಾನು ಕಣೇ,” ಅನ್ನುತ್ತಿದ್ದ. ಹೊಟ್ಟೆನೋವು ಶುರುವಾದಾಗಲೂ ಅದನ್ನೇ ಅಂದ. ಬಿದ್ದ ಬೆಲೆಗೆ ಮಾರಿ ಆಸ್ಪತ್ರೆಗೆ ಸುರಿಯೋದು ಬೇಡ, ಏರಲಿ ಅಂತ ಹಲ್ಲುಕಚ್ಚಿ ತಾಳಿದ. ಈಗ ಬೆಲೆ ಏರಿತ್ತು.

“ನಿನ್ನನ್ನೇ ಕೇಳ್ತಿರೋದು. ಆಪರೇಷನ್‌ಗೆ ಧಾರಾಳವಾಗಿ ಸಾಕು.”

ಅವಳು ಆ ಹೆಬ್ಬೆರಳನ್ನು ಮೆಲ್ಲಗೆ ಎತ್ತಿ ತನ್ನ ಅಂಗೈಯಲ್ಲಿ ಹಿಡಿದುಕೊಂಡಳು. ಸೂಜಿ ಚುಚ್ಚಿ ಚುಚ್ಚಿ ಅದು ಜಡ್ಡುಗಟ್ಟಿತ್ತು. “ಆಪರೇಷನ್ ಬೇಕಿಲ್ಲವಂತೆ, ಮಾತ್ರೆ ಸಾಕಂತೆ. ಮಾರೋಕೇನು ಅವಸರ? ಇನ್ನೈದು ವರ್ಷ ಇರಲಿ ಬಿಡಿ.”

ಅವನ ಮುಖ ಅರಳಿತು. ಪಕ್ಕದ ಮಂಚದವನ ಕಡೆ ತಿರುಗಿ, “ಕೇಳಿಸ್ಕೊಂಡ್ರಾ? ಮದುವೆ ಆದಾಗಿಂದ ಹೇಳಿಕೊಡ್ತಾ ಇದ್ದೆ. ಇವತ್ತು ಕಲಿತಳು,” ಅಂದ.