ಸ್ಪಂಜಿನ ಚೆಂಡು

ಪಾರ್ಶ್ವವಾಯು ಬಡಿದು ಬಲಗೈಯ ಸ್ವಾಧೀನ ತಪ್ಪಿದ್ದ ಮೇಷ್ಟ್ರಿಗೆ ವ್ಯಾಯಾಮ ಮಾಡಿಸಲು ಫಿಸಿಯೋಥೆರಪಿಸ್ಟ್ ಮೃದುಲಾ ದಿನವೂ ಅವರ ಮನೆಗೆ ಬರುತ್ತಿದ್ದಳು. ಅಜ್ಜಿ ಹೇಳುತ್ತಿದ್ದ ಕಥೆಯಲ್ಲಿ ಕಲ್ಲಾಗಿದ್ದ ರಾಜಕುಮಾರ ಒಂದೊಂದೇ ಬೆರಳಾಗಿ ಜೀವ ತಳೆದ ಹಾಗೆ ಈ ಕೈಯೂ ಎಚ್ಚರಗೊಳ್ಳುತ್ತದೆಂದು ಅವಳ ನಂಬಿಕೆ. ಆದರೆ ಹಿಸುಕಲೆಂದು ಕೊಟ್ಟ ಸ್ಪಂಜಿನ ಚೆಂಡು ಮಾತ್ರ ಆ ಮನೆಯಲ್ಲಿ ಉಳಿಯುತ್ತಲೇ ಇರಲಿಲ್ಲ. ಮೂರನೆಯದೂ ಕಾಣೆಯಾದ ದಿನ, ಕೈ ತೊಳೆಯಲು ಅಡುಗೆಮನೆಗೆ ಹೋದವಳಿಗೆ ಅಕ್ಕಿ ಡಬ್ಬಿಯ ಹಿಂದೆ ಮೂರೂ ಕಂಡವು.

“ಏನಮ್ಮಾ ಇದು?”

ಮೇಷ್ಟ್ರ ಹೆಂಡತಿ ಸೆರಗು ಹಿಂಡಿದರು. “ನಾನೇ ಬಚ್ಚಿಟ್ಟೆ ಕಣಮ್ಮ. ಅನ್ನ ಕಲಸಿ ತಿನ್ನೋಷ್ಟು ಬಂದಿದೆಯಲ್ಲ, ಸಾಕು. ನಾಳೆಯಿಂದ ಬರಬೇಡ.”

“ಗಂಡನ ಕೈ ಸರಿಹೋಗೋದು ಬೇಡ ಅನ್ನೋರನ್ನ ನಾನೆಲ್ಲೂ ನೋಡಿಲ್ಲ! ಅರ್ಧಕ್ಕೆ ಬಿಟ್ಟು ಹೋಗೋದು ನಮ್ಮ ವೃತ್ತಿಧರ್ಮ ಅಲ್ಲಮ್ಮಾ.”

“ಧರ್ಮಾನಾ?” ಎಂದಷ್ಟೇ ಕೇಳಿ ಆಕೆ ಒಲೆಯ ಕಡೆ ತಿರುಗಿದರು.

ಅಂದಿನಿಂದ ಮೃದುಲಾ ಚೆಂಡನ್ನು ತನ್ನ ಚೀಲದಲ್ಲೇ ಇಟ್ಟುಕೊಂಡು ದಿನಕ್ಕೆರಡು ಸಲ ಬಂದಳು. “ನೀನು ನನ್ನ ಮಗಳಿದ್ದ ಹಾಗೆ” ಎಂದು ಮೇಷ್ಟ್ರು ಕಣ್ಣು ತುಂಬಿಕೊಳ್ಳುತ್ತಿದ್ದರು. ಇಂಥವರಿಗೆ ಎಂಥಾ ಹೆಂಡತಿಯಪ್ಪಾ ಎಂದು ಅವಳು ಮರುಗುತ್ತಿದ್ದಳು.

ತಿಂಗಳು ಕಳೆದ ಮೇಲೆ ಒಂದು ಬೆಳಿಗ್ಗೆ ಹೇಳಿದಳು: “ಮುಷ್ಟಿ ಕಟ್ಟಿ ಮೇಷ್ಟ್ರೇ. ಇನ್ನೂ ಬಿಗಿಯಾಗಿ. ಹಾಂ, ಈಗ ಮೇಲೆತ್ತಿ.”

ಐದೂ ಬೆರಳು ಒಳಕ್ಕೆ ಮಡಚಿಕೊಂಡವು. ಮುಷ್ಟಿ ಹೆಗಲು ದಾಟಿ ಮೇಲೆದ್ದಿತು. “ಶಭಾಷ್!” ಎಂದು ಮೃದುಲಾ ಚಪ್ಪಾಳೆ ತಟ್ಟಿದಳು.

ಕಾಫಿ ತರುತ್ತಿದ್ದ ಹೆಂಡತಿಯ ಕೈಯಿಂದ ಲೋಟ ಜಾರಿತು. ಆಕೆ ಎರಡೂ ತೋಳುಗಳಿಂದ ಮುಖ ಮುಚ್ಚಿಕೊಂಡು ಗೋಡೆ ಮೂಲೆಯಲ್ಲಿ ಕುಸಿದು ಕೂತರು.