ಮಗುಚಿದ ಹೊಸ್ತಿಲು

ಹಾರೆ ಹಾಕಿ ಮಗುಚಿದ ಹೊಸ್ತಿಲಗಲ್ಲಿನ ಅಡಿಮೈ ಕಾಡಿಗೆ ಬಳಿದಷ್ಟು ಕಪ್ಪಗಿತ್ತು. ಮುದಿ ಜಮೀನುದಾರ ಟಾರ್ಕ್ವಿಲ್ ಊರುಗೋಲು ಕುಟ್ಟಿ ಹಿಗ್ಗಿದ. "ನಾನು ಹೇಳಿರ್ಲಿಲ್ವಾ? ಇಂಗ್ಲಿಷರು ಈ ಮನೆಗೆ ಬೆಂಕಿ ಇಟ್ಟಿದ್ರು. ಆದ್ರೂ ನಮ್ಮೋರು ಜಗ್ಗಲಿಲ್ಲ!"

ಉತ್ಖನನಕ್ಕೆ ಬಂದಿದ್ದ ಊನಾ ಕೆಸರಲ್ಲಿ ಮಂಡಿಯೂರಿ ಮಸಿಯ ಮೇಲೆ ಮೆತ್ತಗೆ ಬ್ರಷ್ ಆಡಿಸಿದಳು. "ಅಲ್ಲ ಸಾಹೇಬ್ರೇ, ಇದು ಒಲೆಗಲ್ಲು, ಮೇಲೆ ಬೆಂಕಿ ಉರಿಸ್ತಿದ್ದ ಚಪ್ಪಡಿ. ಕುರಿ ಮೇಯಿಸೋಕೆ ಅಂತ ನಿಮ್ಮೋರು ಈ ಕಣಿವೆಯವರನ್ನ ಒಕ್ಕಲೆಬ್ಬಿಸಿದ್ರಲ್ಲ, ಆಗ ಯಾವುದೋ ಗುಡಿಸಲಿಂದ ಕಿತ್ತು ತಂದು ಇಲ್ಲಿ ಹೊಸ್ತಿಲಿಗೆ ಮಗುಚಿ ಹಾಕಿದ್ದಾರೆ."

"ಯಾರ ಗುಡಿಸಲು?"

"ಹೆಸರಿಲ್ಲ. ನಮ್ಮ ಅಜ್ಜಿಯ ಮುತ್ತಜ್ಜಿದೂ ಇರಬಹುದು. ರಾತ್ರಿ ಕೆಂಡಕ್ಕೆ ಬೂದಿ ಮುಚ್ಚಿ, ಬೆಳಗ್ಗೆ ಊದಿ ಎಬ್ಬಿಸ್ತಿದ್ರಂತೆ. ಒಲೆ ಆರೋಕೇ ಬಿಡ್ತಿರ್ಲಿಲ್ಲ. ಊಟಕ್ಕೆ ಒಳಗೆ ಹೋಗಿ, ನಿಮ್ಮ ಸೂಪು ತಣ್ಣಗಾಗುತ್ತೆ."

ಆಳುಗಳು ಕಲ್ಲನ್ನು ಮೊದಲಿನಂತೆಯೇ ಮಸಿ ಕೆಳಗೆ ಮಾಡಿ ಅದರ ಜಾಗದಲ್ಲಿ ಕೂರಿಸಿದರು. ಜಮೀನುದಾರನ ವಂಶದವರೆಲ್ಲ ಬೂಟಿನ ಕೆಸರು ಒರೆಸಿ ಒರೆಸಿ ಅದರ ಮೇಲ್ಮೈಯಲ್ಲಿ ಗುಳಿ ಬಿದ್ದಿತ್ತು. ಬಂದವರಿಗೆಲ್ಲ ಆ ಗುಳಿ ತೋರಿಸಿ ಬೀಗುತ್ತಿದ್ದ ಟಾರ್ಕ್ವಿಲ್ ಎಂದಿನಂತೆ ಬೂಟು ಒರೆಸಲು ಕಾಲೆತ್ತಿದ. ಎತ್ತಿದ ಕಾಲು ಗಾಳಿಯಲ್ಲೇ ನಿಂತಿತು. ಆಮೇಲೆ ಒದ್ದೆ ಹುಲ್ಲಿನ ಮೇಲೆ ಕೂತು ಬೂಟಿನ ಲಾಡಿ ಬಿಚ್ಚತೊಡಗಿದ.

"ಇದೇನು ಸಾಹೇಬ್ರೇ, ಈ ಚಳೀಲಿ?"

"ಬೂಟು ಹಾಕ್ಕೊಂಡು ಯಾರಾದ್ರೂ ಒಲೆ ತುಳೀತಾರೇನಮ್ಮಾ?" ಎಂದು ಮುದುಕ ಗದರಿದ.